ಕೊನೆಯ ಕೋಣೆಗೆ ಬಿಸಿ ಮುಟ್ಟಿಸಿದ ಚಳಿಗಾಲ

ಸಿಂಧನೂರು ಬಸ್ ಸ್ಟ್ಯಾಂಡ್

ನನಗೆ ಹೆದರಿಕೆ ಹತ್ತಿದ್ದು ವಿಮಾನದಲ್ಲಿ ಅಲ್ಲ, ಸಿಂಧನೂರಿನ ಬಸ್ ಸ್ಟ್ಯಾಂಡಿನಲ್ಲೇ. ಹೈದರಾಬಾದ್ ಬಸ್ಸಿನ ಕಿಟಕಿಗೆ ಆತು ಕುಳಿತು, ಮಗಳು ಕಳಿಸಿದ್ದ ಫೋಟೋ ತೆರೆದು ನೋಡಿದೆ. ಒಂದು ಗಾಜಿನ ಪೆಟ್ಟಿಗೆ. ಅದರೊಳಗೆ ನನ್ನ ಮೊಮ್ಮಗಳು. ಬಾಣಂತನಕ್ಕೆ ಮುಂಚಿತವಾಗಿ ಹೋಗಿರೋಣವೆಂದು ತಿಂಗಳ ಹಿಂದೆಯೇ ಟಿಕೀಟು ತೆಗೆಸಿದ್ದೆವು. ಕೂಸು ನಮಗಿಂತ ಅವಸರ ಮಾಡಿ ಐದು ವಾರ ಮೊದಲೇ ಹುಟ್ಟಿಬಿಟ್ಟಿತ್ತು. ಮುಖ ನೋಡಿದರೆ ಒಂದು ಸಣ್ಣ ಪೇರಲ ಹಣ್ಣಿನಷ್ಟು.

ಮಗಳು ರೇಣುಕಾ ಸ್ಕಾಟ್ಲೆಂಡಿನ ಉತ್ತರಕ್ಕೆ, ಸಮುದ್ರದ ದಂಡೆಯ ಒಂದು ಸಣ್ಣ ಊರಿನಲ್ಲಿ, ಮುದುಕರ ಆಶ್ರಮದಲ್ಲಿ ನರ್ಸು. ಅಳಿಯ ಮಹಾಂತೇಶ ಲಿಂಗಸುಗೂರಿನವರು. ಅವರ ತಂದೆಯದು ಅಲ್ಲಿ ಬಟ್ಟೆ ಅಂಗಡಿ, ಕಟ್ಟಾ ಶರಣರ ಮನೆತನ. ಅಳಿಯ ದುಡಿಯುವುದು ಮೀನು ಹಸನು ಮಾಡುವ ಕಾರ್ಖಾನೆಯಲ್ಲಿ. ಮನೆಯಲ್ಲಿ ಮಾತ್ರ "ಕಾರ್ಖಾನಿ" ಎಂದಷ್ಟೇ ಹೇಳಿದ್ದಾರೆ. ಎಂಥ ಕಾರ್ಖಾನೆ ಎಂದು ಬೀಗರು ಕೇಳಿಲ್ಲ, ಇವರು ಹೇಳಿಲ್ಲ. ನಾನೂ ಹೇಳುವುದಿಲ್ಲ.

ನಮ್ಮೂರು ಸಿಂಧನೂರಿನಿಂದ ಮಸ್ಕಿಗೆ ಹೋಗುವ ದಾರಿಯಲ್ಲಿ. ಕಾಲುವೆಯ ಕಟ್ಟಕಡೆಯ ತೂಬಿಗೆ ನಮ್ಮ ನಾಲ್ಕೆಕರೆ ಗದ್ದೆ. ಎರಡನೆಯ ಬೆಳೆಗೆ ನೀರು ಬಿಡುವ ಕಾಲ ಅದು. ಆದ್ದರಿಂದ ನಮ್ಮ ಮನೆಯವರು ಬರುವ ಮಾತೇ ಇರಲಿಲ್ಲ. ಬಸ್ಸಿನ ಕಿಟಕಿಯ ಕೆಳಗೆ ನಿಂತು ಹೇಳಿದರು:

"ಅಲ್ಲಿ ಥಂಡಿ ಭಾಳ ಅಂತ. ಮೊಣಕಾಲಿಗೆ ಬಟ್ಟಿ ಸುತ್ತಿಕೊಂಡಿರು."

"ನನ್ನ ಮೊಣಕಾಲು ನಾ ನೋಡ್ಕೋತೀನಿ. ನೀವು ಗದ್ದಿ ನೋಡ್ಕೋರಿ."

"ನೀರು ಬಂದ್ರ ಗದ್ದಿ ನೋಡ್ಕೋಬೋದು. ಬರಲಿಲ್ಲಂದ್ರ ಏನ್ ನೋಡ್ಲಿ, ಬಿರುಕು ಎಣಿಸ್ಲೇನು?"

ಬಸ್ಸು ಹೊರಟಿತು. ನಾನು ಮತ್ತೆ ಫೋಟೋ ತೆರೆದೆ.

ವಿಮಾನ ಇಳಿದ ಮೇಲೆ

ವಿಮಾನದ ಬಗ್ಗೆ ನನಗೇನೂ ಗೊತ್ತಿಲ್ಲ. ಕಣ್ಣು ಮುಚ್ಚಿ ಪಂಚಾಕ್ಷರಿ ಎಣಿಸುತ್ತ ಕುಳಿತಿದ್ದೆ, ಅಷ್ಟೇ. ಇಳಿದ ಮೇಲೆ ಒಬ್ಬ ಎತ್ತರದ ಸಾಹೇಬ ನನ್ನ ಚೀಲ ಬಿಚ್ಚಿಸಿದ. ಅಂಟಿನುಂಡಿಯ ಡಬ್ಬಿ ಮೂಸಿ ನೋಡಿ ಬದಿಗಿಟ್ಟ. ಬಾಣಂತಿಗೂ ಕೂಸಿಗೂ ಒಯ್ದ ಬಜೆ, ಅಳವಿ ಬೀಜ, ಒಣಕೊಬ್ಬರಿ ಆಯಿತು. ಸಿಂಧನೂರಿನ ಬಳಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಅಕ್ಕ ಹೆಣೆದುಕೊಟ್ಟ ಕೂಸಿನ ಉಣ್ಣೆಯ ಕುಲಾಯಿಯನ್ನು ಎತ್ತಿ ಹಿಡಿದು ಸಣ್ಣಗೆ ನಕ್ಕ. ಆಮೇಲೆ ಕೈಗೆ ಸಿಕ್ಕಿತು ನೋಡಿ ವಿಭೂತಿ ಗಟ್ಟಿ. ಬೆಳ್ಳನೆಯ ಪುಡಿ ಅವನ ಕೈಗವುಸಿಗೆ ಹತ್ತಿತು. ಮುಖದ ನಗು ಹೋಯಿತು. ಇನ್ನೊಬ್ಬನನ್ನು ಕರೆದ. ಇಬ್ಬರೂ ನನ್ನನ್ನು ನೋಡಿದರು.

ಇಲ್ಲಿಗೇ ಮುಗಿಯಿತು, ಕೂಸನ್ನು ನೋಡದೆ ಜೇಲು ಸೇರಿದೆ ಅಂದುಕೊಂಡೆ. ಅವರ ಮಾತು ನನಗೆ ಬರದು. ಮತ್ತೇನು ಮಾಡಲಿ? ಬೆರಳು ಒದ್ದೆ ಮಾಡಿಕೊಂಡು, ಗಟ್ಟಿಯ ಮೇಲೆ ತೀಡಿ, ಅವರ ಎದುರಿಗೇ ಹಣೆಗೆ ಮೂರು ಗೆರೆ ಎಳೆದುಕೊಂಡೆ. ಎರಡೂ ಕೈ ಮಡಿಸಿ ಕೂಸು ತೂಗಿ ತೋರಿಸಿದೆ. ಅವರು ಒಂದು ಚೂರು ಕೆರೆದುಕೊಂಡು ಒಳಗೆ ಹೋದರು. ಆ ಹತ್ತು ನಿಮಿಷ ನನಗೆ ಹತ್ತು ವರ್ಷ. ಬಂದು ಗಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ನಮ್ಮ ಜಂಗಮಯ್ಯ ಕೊಡುವ ಹಾಗೆಯೇ, ತಿರುಗಿ ಕೊಟ್ಟರು.

ಸೋಮವಾರ: ಮನೆಯೊಳಗೆ ಎರಡು ಕಾಲ

ಅಳಿಯ ಕಾರು ತಂದಿದ್ದರು. ಮಧ್ಯಾಹ್ನ ಮೂರೂವರೆಗೆ ಮನೆ ಮುಟ್ಟಿದೆವು. ಆಗಲೇ ಕತ್ತಲು. ಕತ್ತಲೆಂದರೆ ದೀಪ ಹಚ್ಚುವ ಕತ್ತಲು. ದಾರಿಯ ಎರಡೂ ಕಡೆ ಹಿಮ, ನಮ್ಮ ಹತ್ತಿ ಗಿರಣಿಯ ಅಂಗಳದಲ್ಲಿ ಅರಳೆ ಸುರುವಿದಂತೆ. ಅರಳೆಯ ಮೇಲೆ ಬಿದ್ದರೆ ಮೆತ್ತಗಾದರೂ ಇರುತ್ತದೆ. ನಾನು ಕಾರಿನಿಂದ ಇಳಿದ ಮೂರನೆಯ ಹೆಜ್ಜೆಗೇ ಜಾರಿ ಕುಳಿತೆ.

ಬಾಗಿಲು ದಾಟಿದರೆ ಪಡಸಾಲೆ, ಅದರ ಪಕ್ಕ ಕೂಡುವ ಕೋಣೆ, ಹಿಂದೆ ಅಡಿಗೆಮನೆ. ಒಳಗೆ ಕಾಲಿಟ್ಟರೆ ನಮ್ಮ ಏಪ್ರಿಲ್ ತಿಂಗಳು. ಕುತ್ತಿಗೆಯಲ್ಲಿ ಬೆವರು. ಆಗಲೇ ಆಸ್ಪತ್ರೆಯ ಪೆಟ್ಟಿಗೆಯಿಂದ ಬಿಡಿಸಿ ಮನೆಗೆ ತಂದಿದ್ದ ಕೂಸನ್ನು ನೋಡಲು ಅಲ್ಲಿಂದ ಮೆಟ್ಟಿಲು ಹತ್ತತೊಡಗಿದೆ. ಐದನೆಯ ಮೆಟ್ಟಿಲಿಗೆ ಕಾರ್ತಿಕ, ಹತ್ತನೆಯದಕ್ಕೆ ಪುಷ್ಯ. ಹದಿನೈದು ಮೆಟ್ಟಿಲು ಮುಗಿಸಿ ಹಿಂದಿನ ಕೋಣೆಯ ಬಾಗಿಲು ತೆರೆದಾಗ ಬಾಯಿಂದ ಹೊಗೆ ಬಂತು. ನಮ್ಮೂರಿನಲ್ಲಿ ಸೆಕೆಯಾದರೆ ಊರಿಗೆಲ್ಲ ಸೆಕೆ, ಥಂಡಿಯಾದರೆ ಊರಿಗೆಲ್ಲ ಥಂಡಿ. ಒಂದೇ ಸೂರಿನ ಕೆಳಗೆ ಎರಡು ಕಾಲ ಇರುವುದನ್ನು ನಾನು ಕಂಡದ್ದು ಅದೇ ಮೊದಲು.

ರೇಣುಕಾ ಸ್ವೆಟರಿನ ಮೇಲೆ ಸ್ವೆಟರು ಹಾಕಿ, ಕೂಸನ್ನು ಎದೆಗೆ ಒತ್ತಿಕೊಂಡು ಕುಳಿತಿದ್ದಳು. ನನ್ನನ್ನು ನೋಡಿ ಅಳಲಿಲ್ಲ, ನಗಲಿಲ್ಲ. "ಪಾದ ಹಿಡಿದು ನೋಡಬೇ ಯವ್ವಾ," ಅಂದಳು. ಹಿಡಿದೆ. ಹೆಸರುಕಾಳಿನಂಥ ಬೆರಳು. ತಣ್ಣಗಿದ್ದವು.

ಗೋಡೆಗೆ ಬಿಸಿ-ಥಂಡಿ ಅಳೆಯುವ ಒಂದು ಕಡ್ಡಿ ನೇತುಹಾಕಿದ್ದರು. ಹದಿಮೂರು ಡಿಗ್ರಿ ತೋರಿಸುತ್ತಿತ್ತು. ಮನೆಮನೆಗೆ ಬಂದು ಹಸುಗೂಸು ನೋಡುವ ಒಬ್ಬ ನರ್ಸಮ್ಮ ಇದ್ದಾಳೆ. ಆಕೆ ಹೇಳಿ ಹೋಗಿದ್ದಳಂತೆ: ಈ ಕೂಸು ತೂಕದಲ್ಲಿ ಬಹಳ ಕಡಿಮೆ, ಮೈಯ ಬಿಸಿ ತಾನೇ ಹಿಡಿದುಕೊಳ್ಳಲಾರದು, ಕೋಣೆ ಹದಿನೆಂಟರ ಆಸುಪಾಸು ನಿಲ್ಲಬೇಕು. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ, ಅಷ್ಟರಲ್ಲಿ ಮನೆ ಸರಿಹೋಗದಿದ್ದರೆ ಕೂಸು ಮತ್ತೆ ಆಸ್ಪತ್ರೆಯ ಪೆಟ್ಟಿಗೆಗೆ.

"ಕೆಳಗ ಬೆಚ್ಚಗೈತಲ್ಲ, ಅಲ್ಲೇ ಮಲಗಿಸಬಾರದೇನು?" ಎಂದೆ.

"ಮಲಗಿಸಿದ್ವಿ ಅತ್ತಿ," ಎಂದರು ಅಳಿಯ. "ಮೈಯೆಲ್ಲ ಕೆಂಪಾಗಿ ಬೆವತು ಬಿಡ್ತು. ಆ ಸೆಕಿನೂ ಕೂಸಿಗೆ ಅಪಾಯ ಅಂತ ನರ್ಸು ಬೈದ್ಲು. ಆರಿಸಿದ್ರ ತಾಸಿನೊಳಗ ಬರಫ್. ಬಾಗಿಲು ತೆಗೆದಾಗೊಮ್ಮೆ ಹಿಮದ ಗಾಳಿ ಬ್ಯಾರೆ."

ಕರೆಂಟಿನ ಹೀಟರು ತಂದಿದ್ದರು. ಹಚ್ಚಿದ ಐದು ನಿಮಿಷಕ್ಕೆ ಹಳೇ ಮನೆಯ ಫ್ಯೂಸ್ ಹಾರಿ ಎಲ್ಲವೂ ನಿಂತಿತ್ತಂತೆ. ರಿಪೇರಿಯವನು ಹಿಮ ಕರಗದೆ ಬರಲಾರೆ, ಮುಂದಿನ ವಾರ ನೋಡೋಣ ಎಂದಿದ್ದ.

ಆ ದೇಶದ ಮನೆ ಬೆಚ್ಚಗಾಗುವ ಬಗೆ ಹೀಗೆ. ಅಡಿಗೆಮನೆಯಲ್ಲಿ ಒಂದು ಬಾಯ್ಲರ್. ಅದು ನೀರು ಕಾಯಿಸುತ್ತದೆ. ಆ ನೀರು ಕೊಳವೆಯೊಳಗೆ ಹರಿದು ಕೋಣೆ ಕೋಣೆಗೆ ಹೋಗುತ್ತದೆ. ಪ್ರತಿ ಕೋಣೆಯಲ್ಲಿ ಗೋಡೆಗೆ ಒಂದು ಕಬ್ಬಿಣದ ಹಲಗೆ, ರೇಡಿಯೇಟರ್ ಅನ್ನುತ್ತಾರೆ. ನೀರು ಅದರೊಳಗೆ ಸುತ್ತಿ, ಬಿಸಿ ಕೊಟ್ಟು, ತಿರುಗಿ ಬಾಯ್ಲರಿಗೆ ಬರುತ್ತದೆ. ಕೆಳಗಿನ ಹಲಗೆಗಳನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ಕೂಸಿನ ಕೋಣೆಯದು ಹೆಣದಂತೆ ತಣ್ಣಗೆ.

ನನ್ನ ಮೊಣಕಾಲು ನೋಡಿ ಮಗಳು ನನಗೆ ಕೆಳಗೇ, ಕೂಡುವ ಕೋಣೆಯ ಹಲಗೆಯ ಬಗಲಿಗೆ ಹಾಸಿಗೆ ಹಾಕಿಸಿದಳು. ಅವಳೂ ಕೂಸೂ ಮೇಲೆ ನಡುಗುವಾಗ ನಾನು ಬೆಚ್ಚಗೆ ಮಲಗಿದೆ. ಹೀಗೆ ಮಲಗಿದ್ದನ್ನು ನೆನಪಿಟ್ಟುಕೊಳ್ಳಿ, ಮುಂದೆ ಹೇಳುವುದಿದೆ.

ಮಂಗಳವಾರ: ಚಡ್ಡಿಯ ಯಜಮಾನ

ಪಕ್ಕದ ಮನೆಯಲ್ಲಿ ಇಯನ್ ಎಂಬ ಎಪ್ಪತ್ತರ ಯಜಮಾನ. ಹೊರಗೆ ಮೊಣಕಾಲುದ್ದ ಹಿಮ, ಇವನು ಚಡ್ಡಿಯಲ್ಲಿ ಹಿಮ ಸಲಿಕೆಯಿಂದ ಎಳೆಯುತ್ತಿದ್ದ. ಕಾಲು ನೋಡಿದರೆ ಗಜ್ಜರಿಯ ಬಣ್ಣ. ರೇಣುಕಾ ಕಷ್ಟ ಹೇಳಿಕೊಂಡಾಗ ಒಂದು ಸಣ್ಣ ಹಿತ್ತಾಳೆಯ ಕೀಲಿ ಹಿಡಿದು ಬಂದ. ಬಂದವನು ಬಾಗಿಲಾಚೆಯೇ ನಿಂತ. ಒಳಗೆ ಬಾ ಎಂದು ಮೂರು ಸಲ ಕರೆದ ಮೇಲೆ ಬೂಟು ಕಳಚಿ ಒರೆಸಿ, ಜೋಡಿಸಿಟ್ಟು, ಕ್ಷಮೆ ಕೇಳಿ ಒಳಗೆ ಬಂದ. ನಮ್ಮಲ್ಲಾದರೆ ನೆರೆಯವರು ಕೂಗುತ್ತಲೇ ಅಡಿಗೆಮನೆಗೆ ಬಂದಿರುತ್ತಾರೆ.

ಮೇಲಿನ ಹಲಗೆಯ ಮೂಲೆಗೆ ಕೀಲಿ ಹಾಕಿ ತಿರುವಿದ. ಸುಸ್ಸೆಂದು ಗಾಳಿ ಬಂತು, ಆಮೇಲೆ ಕಪ್ಪು ನೀರು. ಒಳಗೆ ಗಾಳಿ ಸಿಕ್ಕಿಕೊಂಡರೆ ನೀರು ಏರುವುದಿಲ್ಲವಂತೆ. ಹಲಗೆಯ ಒಂದು ಮಗ್ಗಲು ನಿಧಾನವಾಗಿ ಬೆಚ್ಚಗಾಯಿತು. ಕಡ್ಡಿ ಹದಿನಾಲ್ಕಕ್ಕೆ ಬಂತು. ರೇಣುಕಾಳ ಮುಖಕ್ಕೆ ರಕ್ತ ಬಂದಂತಾಯಿತು. ಇಯನ್‌ಗೆ ಒಂದು ಅಂಟಿನುಂಡಿ ಕೊಟ್ಟೆ. ಅವನು ಅದನ್ನು ಬಹಳ ಹೊತ್ತು ಅಗಿದ.

ಊಟದ ಹೊತ್ತಿಗೆ ಹಲಗೆ ಮತ್ತೆ ತಣ್ಣಗೆ. ಅಳಿಯ ಹುರುಪಿನಿಂದ ಪಡಸಾಲೆಯ ಗೋಡೆಯಲ್ಲಿದ್ದ ಡಬ್ಬಿಯ ಅಂಕಿ ಏರಿಸಿದರು. ಬಾಯ್ಲರನ್ನು ಆರಿಸುವ, ಹಚ್ಚುವ ಡಬ್ಬಿ ಅದು. ಹಲಗೆಗಳ ಕಾಲಿನ ನಲ್ಲಿಗಳನ್ನು ತಿರುಗುವಷ್ಟೂ ತಿರುವಿದರು. ಕೆಳಗೆ ಕುಳಿತವರಿಗೆ ಉಸಿರು ಕಟ್ಟಿತು. ಮೇಲೆ ಹದಿಮೂರೇ.

"ಇಷ್ಟು ಬಿಸಿ ಮಾಡಿದ್ರೂ ಯಾಕ ಹತ್ತವಲ್ದು," ಎಂದು ಅಳಿಯ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಕೂಸು ಅಳುವುದನ್ನು ಕಡಿಮೆ ಮಾಡಿತ್ತು. ಕೂಸು ಅತ್ತರೆ ಒಂದು ಹೆದರಿಕೆ, ಅಳದಿದ್ದರೆ ಅದರ ಹತ್ತು ಪಟ್ಟು.

ಬುಧವಾರ: ಕೆಂಡ

ಈಗ ಹೇಳಲು ನಾಲಿಗೆ ಏಳದ ಮಾತು ಹೇಳುತ್ತೇನೆ.

ನಮ್ಮ ಕಡೆ ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡದ ಮನೆಯಿಲ್ಲ. ನನ್ನ ನಾಲ್ಕು ಬಾಣಂತನವೂ ಕೆಂಡದ ಮೇಲೇ ಆದವು. ಇದ್ದಿಲು ಹೊರಗೆ ಹೊತ್ತಿಸಿ, ಹೊಗೆ ಪೂರಾ ಹೋಗಿ ಕೆಂಪಗಾದ ಮೇಲೆ ಒಳಗೆ ತರುವುದು. ಬಾಗಿಲು ಕಿಟಕಿ ಬಿಗಿಯುವುದು. ಹೊಗೆ ಇಲ್ಲದ ಕೆಂಡ ಚೊಕ್ಕ ಕೆಂಡ, ಅದರಿಂದ ಕೇಡಿಲ್ಲ ಅಂತಲೇ ನಮ್ಮ ಹಿರಿಯರು ಹೇಳಿಕೊಟ್ಟದ್ದು.

ಹಿತ್ತಲ ಶೆಡ್ಡಿನಲ್ಲಿ ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಅರ್ಧ ಚೀಲ ಇದ್ದಿಲು ಕಂಡಿತ್ತು. ಅವತ್ತು ಹಿಮದಿಂದ ಬೇರೆಯವರು ಕೆಲಸಕ್ಕೆ ಬಾರದೆ, ರಾತ್ರಿಪಾಳಿಯ ಅಳಿಯನನ್ನು ಹಗಲುಪಾಳಿಗೂ ಕರೆಸಿಕೊಂಡಿದ್ದರು. ರೇಣುಕಾ ಮಧ್ಯಾಹ್ನ ಕೂಸಿಗೆ ಹಾಲು ಕುಡಿಸಿ ಹಾಗೇ ನಿದ್ದೆ ಹೋದಳು. ಕೇಳಿದರೆ ಬೇಡ ಅಂತಾಳೆ, ಅದಕ್ಕೇ ಕೇಳಲಿಲ್ಲ. ಕಬ್ಬಿಣದ ಬಾಣಲೆಯಲ್ಲಿ ಇದ್ದಿಲು ಹೊತ್ತಿಸಿ, ಕೆಂಪಗೆ ಮಾಡಿ, ಮೇಲೆ ತಂದು ಮಂಚದ ಕಾಲ ಬಳಿ ಇಟ್ಟೆ. ಕಿಟಕಿಯ ಸಂದಿಗೆ ನನ್ನ ಹಳೇ ಸೀರೆ ತುರುಕಿದೆ. ಹೊರಗೆ ಬಂದು ಬಾಗಿಲ ಕೆಳಗೆ ಟವೆಲ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದು ಇಣುಕಿದರೆ ಕೂಸಿನ ಮುಖ ಗುಲಾಬಿಯಂತೆ ಕೆಂಪಾಗುತ್ತಿತ್ತು. ನನ್ನ ಎದೆ ತುಂಬಿ ಬಂದಿತ್ತು.

ಅರ್ಧ ತಾಸು ಆಗಿರಬೇಕು. ಎರಡನೆಯ ಬಾಣಲೆ ಹೊತ್ತಿಸುವಾಗ ಹಿಮ ಸುರಿಯತೊಡಗಿತು. ಅದನ್ನು ಅಡಿಗೆಮನೆಯೊಳಗೆ ತಂದು, ಬಾಗಿಲು ಹಾಕಿ, ರಟ್ಟಿನಿಂದ ಗಾಳಿ ಬೀಸುತ್ತ ಕುಳಿತೆ. ಛಾವಣಿಯಲ್ಲಿದ್ದ ಒಂದು ಬಿಳಿ ಡಬ್ಬಿ ಇದ್ದಕ್ಕಿದ್ದಂತೆ ಕಿರುಚಿತು. ಆ ಕಿರುಚು ಕಿವಿಗಲ್ಲ, ಎಲುಬಿಗೆ ತಾಗುವಂಥದು. ನನಗೆ ಏನೆಂದು ತಿಳಿಯಲಿಲ್ಲ. ಮನೆ ಬೈಯುತ್ತಿದೆ ಅನಿಸಿತು.

ಹಿಂಬಾಗಿಲು ದೂಡಿಕೊಂಡು ಇಯನ್ ಬಂದ. ಕರೆಯಲಿಲ್ಲ, ಬೂಟು ಕಳಚಲಿಲ್ಲ, ಕ್ಷಮೆ ಕೇಳಲಿಲ್ಲ. ಬಾಣಲೆಯನ್ನೂ ನನ್ನ ಕೈಯನ್ನೂ ನೋಡಿದ. ಬಾಣಲೆಯನ್ನು ಹಿಮಕ್ಕೆ ಒದ್ದು, ನನ್ನ ತೋಳು ಹಿಡಿದು, ಅಲ್ಲೂ ಇಟ್ಟಿದ್ದೀಯಾ ಎಂಬಂತೆ ಮೇಲೆ ಬೆರಳು ತೋರಿಸಿದ. ಹೌದೆಂದು ನಾನೂ ಮೇಲೆ ತೋರಿಸಿದೆ. ಅವನ ಮುಖದ ಬಣ್ಣ ಹೋಯಿತು. ಆ ವಯಸ್ಸಿನಲ್ಲಿ ಎರಡೆರಡು ಮೆಟ್ಟಿಲು ದಾಟಿ ಓಡಿದ.

ಅವನು ಕಿಟಕಿ ಬಡಿದು ತೆರೆದಾಗ ರೇಣುಕಾ ಕಣ್ಣು ತೆರೆದಳು. ಎದ್ದು ಕುಳಿತು ಅಲ್ಲೇ ವಾಂತಿ ಮಾಡಿಕೊಂಡಳು. ಮಂಚದ ಕಾಲಿನ ಕೆಂಡ ನೋಡಿದಳು. ನರ್ಸು ಅವಳು, ಒಂದೇ ನೋಟಕ್ಕೆ ತಿಳಿಯಿತು.

"ಏನ್ ಮಾಡೀದಿಬೇ ಯವ್ವಾ," ಎಂದಳು. ದನಿ ಏರಿಸಲಿಲ್ಲ.

ಇಯನ್ ಕೂಸನ್ನು ತನ್ನ ಕೋಟಿನೊಳಗೆ ಸೇರಿಸಿಕೊಂಡು ಹೊರಗೆ ಹಿಮದಲ್ಲಿ ನಿಂತಿದ್ದ. ಕೋಟಿನೊಳಗಿನಿಂದ ದನಿ ಬರಲಿಲ್ಲ. ನಾನು ಆ ಕೋಟಿನ ಗುಂಡಿಗೆ ಕಿವಿ ಹಚ್ಚಿದೆ. ಎಷ್ಟು ಹೊತ್ತೋ. ಆಮೇಲೆ ಬೆಕ್ಕಿನ ಮರಿಯಂತೆ ಒಂದು ಅಳು ಬಂತು. ಆ ಅಳು ಕೇಳಿ ನಾನು ಅತ್ತಷ್ಟು ನನ್ನ ತಾಯಿ ಸತ್ತಾಗಲೂ ಅತ್ತಿಲ್ಲ.

ಆಂಬುಲೆನ್ಸ್ ಬಂತು. ದವಾಖಾನೆಯಲ್ಲಿ ಮೂವರಿಗೂ ಬೆರಳಿಗೆ ಚಿಮಟಿ ಹಾಕಿ ನೋಡಿದರು, ರಕ್ತ ತೆಗೆದರು, ಮೂಗಿಗೆ ಗಾಳಿ ಕೊಟ್ಟರು. ಸಂಜೆಗೆ ಬಿಟ್ಟರು. ಆ ಕೆಂಡದ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲವಂತೆ. ಅಡಿಗೆಮನೆಯ ಬಿಳಿ ಡಬ್ಬಿ ಕಿರುಚಿದ್ದು ಅದನ್ನು ಗುರುತು ಹಿಡಿದೇ ಅಂತೆ. ಮೈ ಕೆಂಪಾಗುವುದು ಕೆಲವೊಮ್ಮೆ ಅದೇ ವಿಷದ ಗುರುತಂತೆ. ಗುಲಾಬಿಯಂತೆ ಕಂಡಿತ್ತಲ್ಲ ನನಗೆ.

ಕೆಲಸ ಬಿಟ್ಟು ಬಂದ ಅಳಿಯ ಕಾರಿನಲ್ಲಿ ಮನೆಗೆ ಕರೆದೊಯ್ಯುವಾಗ ನನಗೆ ಊರ ಮನೆ ನೆನಪಾಯಿತು. ನಮ್ಮ ಮನೆಯ ಮಾಳಿಗೆಯಲ್ಲಿ ಬೆಳಕಿಂಡಿ ಇದೆ. ಬೆಳಕಿಗೆಂದು ಬಿಟ್ಟ ಆ ತೂತಿನಿಂದಲೇ ನನ್ನ ನಾಲ್ಕು ಬಾಣಂತನದ ವಿಷವೂ ಹೊರಗೆ ಹೋಗಿತ್ತು. ಕೆಂಡ ಇಡುವುದನ್ನು ಹಿರಿಯರು ಹೇಳಿಕೊಟ್ಟರು, ತೂತು ಯಾಕೆಂದು ಅವರಿಗೂ ಗೊತ್ತಿರಲಿಲ್ಲವೇನೋ.

ಮನೆ ಮುಟ್ಟಿದ ಮೇಲೆ ರೇಣುಕಾ ಹೇಳಿದಳು: "ನಡೆದದ್ದು ನರ್ಸಮ್ಮನಿಗೂ ತಿಳಿಸ್ಯಾರ. ಶುಕ್ರವಾರ ಖೋಲಿ ಬೆಚ್ಚಗಿರಲಿಲ್ಲಂದ್ರ ಕೂಸಿನ್ನ ಒಯ್ತಾರ. ನಾ ಏನೂ ಅನ್ನಂಗಿಲ್ಲ. ಅವರು ಮಾಡೋದು ಬರೋಬರ್ ಐತಿ."

ಗುರುವಾರ: ಫೋನು

ಆ ದಿನ ನಾನು ಕೂಸಿನ ಕೋಣೆಯ ಹೊಸ್ತಿಲು ದಾಟಲಿಲ್ಲ. ನನ್ನ ಕೈಯನ್ನು ನೋಡಿದರೆ ನನಗೇ ಹೆದರಿಕೆ. ಬೆಳಿಗ್ಗೆ ನಮ್ಮ ಮನೆಯವರ ಫೋನು ಬಂತು. ದನಿಯಲ್ಲಿ ಹುರುಪು.

"ನೀರು ಬಂತಲೇ. ಕೊನಿ ಹೊಲಕ್ಕ ಬಂತು."

"ಹೆಚ್ಚಿಗಿ ನೀರು ಬಿಟ್ರೇನು?" ಎಂದೆ. ಕೇಳುವ ಮನಸ್ಸಿರಲಿಲ್ಲ, ಬಾಯಿಗೆ ಬಂದದ್ದು ಅಂದೆ.

"ಎಲ್ಲೀದು ಹೆಚ್ಚಿಗಿ? ಹೋದ ವಾರ ಹೆಚ್ಚಿಗಿ ಬಿಟ್ಟಿದ್ರಲ್ಲ, ಕಾಲುವಿ ಮೊದಲಿನವರೇ ಇನ್ನಷ್ಟು ಕುಡಿದ್ರು, ಅವರ ಗದ್ದಿ ಒಡ್ಡು ಒಡೆದು ಹೋದ್ವು. ಈಗ ಅಷ್ಟಽ ನೀರು. ಮೊದಲಿನ ತೂಬು ಪೂರಾ ಮುಚ್ಚಲಿಲ್ಲ ಮತ್ತ, ನಾಕು ನಾಕು ಬೆರಳು ಸಂದಿ ಬಿಟ್ಟು ಇಳಿಸಿದ್ವಿ. ಎಲ್ಲರೂ ನಿಂತು ಇಳಿಸಿದ್ವಿ. ಮೊದಲಿನವರಿಗೂ ಸಾಕಾತು, ನಮಗೂ ಮುಟ್ತು. ಕೂಸು ಹೆಂಗೈತಿ?"

ನಾನು ಫೋನು ಹಿಡಿದುಕೊಂಡೇ ಅಡಿಗೆಮನೆಗೆ ಹೋಗಿ ಬಾಯ್ಲರಿನ ಕೆಳಗೆ ಕೊಳವೆಗೆ ಕೈ ಇಟ್ಟೆ. ಅಲ್ಲಿಂದ ಗೋಡೆ ಹಿಡಿದು ನಡೆದೆ. ಮೊದಲು ಪಡಸಾಲೆಯ ಹಲಗೆ. ಆಮೇಲೆ ನನ್ನ ಹಾಸಿಗೆಯ ಬಗಲಿನದು. ಆಮೇಲೆ ಬಚ್ಚಲ ಮನೆಯದು. ಕೊಳವೆ ಅಲ್ಲಿಂದ ಮೇಲೆ ಏರಿ, ಎಲ್ಲರೂ ಕುಡಿದು ಬಿಟ್ಟ ಮೇಲೆ, ಹಿಂದಿನ ಕೋಣೆಗೆ. ನಮ್ಮ ಗದ್ದೆ ಇರುವ ಜಾಗದಲ್ಲೇ ಕೂಸಿನ ತೊಟ್ಟಿಲು ಇತ್ತು.

ಅಳಿಯ ಬಾಯ್ಲರಿನ ಬಿಸಿ ಏರಿಸಿದ್ದು, ನಲ್ಲಿ ತಿರುವಿದ್ದು ಮೊದಲಿನವರಿಗೆ ಇನ್ನಷ್ಟು ನೀರು ಕೊಟ್ಟಂತಾಗಿತ್ತು. ಅದೂ ಅಲ್ಲದೆ ಬಾಯ್ಲರ್ ಆರಿಸುವ ಡಬ್ಬಿ ಇದ್ದದ್ದು ಪಡಸಾಲೆಯಲ್ಲಿ. ಪಡಸಾಲೆ ಬೆಚ್ಚಗಾದೊಡನೆ ಮನೆಯೆಲ್ಲ ಬೆಚ್ಚಗಾಯಿತೆಂದು ಅದು ಬಾಯ್ಲರ್ ಆರಿಸುತ್ತಿತ್ತು. ಮೊದಲಿನ ಗದ್ದೆ ನೋಡಿ ನೀರು ಸಾಕೆಂದು ಗೇಟು ಇಳಿಸಿದ ಹಾಗೆ.

ಅಳಿಯನನ್ನು ಎಬ್ಬಿಸಿದೆ. ಹಲಗೆಯ ಒಂದು ಕಾಲಿಗೆ ತಿರುವುವ ನಲ್ಲಿ ಇತ್ತು. ಮಂಗಳವಾರ ಪೂರಾ ತೆರೆದ ಮೇಲೆ ಕೆಳಗಿನವು ತುಕ್ಕಿಗೆ ಕಚ್ಚಿಕೊಂಡು ಅಲುಗುತ್ತಿರಲಿಲ್ಲ. ಇನ್ನೊಂದು ಕಾಲಿಗೆ ಪ್ಲಾಸ್ಟಿಕ್ ಟೊಪ್ಪಿಗೆ. ಎಳೆದರೆ ಬಂತು. ಒಳಗೆ ಹಿತ್ತಾಳೆಯ ಚೌಕನೆಯ ಮೊಳೆ. ನನಗೆ ತೂಬಿನ ಸ್ಕ್ರೂ ಕಂಡಂತಾಯಿತು.

"ಅದನ್ನ ಮುಟ್ಟಬ್ಯಾಡ್ರಿ ಅತ್ತಿ. ಒಡೆದ್ರ ಮನಿತುಂಬ ನೀರು," ಎಂದರು ಅಳಿಯ. ನಿನ್ನೆಯ ಕೆಂಡದ ನಂತರ ಅವರಿಗೆ ನನ್ನ ಕೈಯ ಮೇಲೆ ನಂಬಿಕೆ ಇರಲಿಲ್ಲ. ನನಗೂ ಇರಲಿಲ್ಲ.

"ಹಂಗಾದ್ರ ಇಯನ್ ಯಜಮಾನ್ರನ್ನ ಕರೀರಿ. ಅವರು ಬ್ಯಾಡ ಅಂದ್ರ ಬಿಡ್ತೀನಿ."

ಇಯನ್ ಬಂದ. ಮತ್ತೆ ಬೂಟು ಕಳಚಿದ. ರೇಣುಕಾ ನನ್ನ ಮಾತನ್ನು ಅವನ ಭಾಷೆಗೆ ತಿರುಗಿಸಿದಳು: ಕಾಲುವೆ, ಮೊದಲಿನವರು, ಕೊನೆಯವರು, ನಾಲ್ಕು ಬೆರಳು. ಅವನು ನೆಲ ನೋಡುತ್ತ ಕೇಳಿದ. ತಲೆ ಕೆರೆದುಕೊಂಡ. ಮನೆಗೆ ಹೋಗಿ ಮೊಳೆ ತಿರುವುವ ಒಂದು ಪಾನಾ ತಂದ. ಅಳಿಯ ಕೈ ಚಾಚಿದರು. ಅವನು ಅದನ್ನು ನನ್ನ ಕೈಗೆ ಕೊಟ್ಟ.

ಪಡಸಾಲೆಯದನ್ನು ಪೂರಾ ಮುಚ್ಚಿ, ಕಾಲು ಸುತ್ತು ಬಿಟ್ಟೆ. ನನ್ನ ಹಾಸಿಗೆಯ ಬಗಲಿನದಕ್ಕೂ ಹಾಗೆಯೇ. ಬಚ್ಚಲಿನದಕ್ಕೆ ಅರ್ಧ ಸುತ್ತು. ಕೂಸಿನ ಕೋಣೆಯದನ್ನು ಪೂರಾ ತೆರೆಯಲು ರೇಣುಕಾಳಿಗೆ ಹೇಳಿ, ನಾನು ಹೊಸ್ತಿಲಾಚೆ ನಿಂತೆ. ಆಮೇಲೆ ಕಾಯುವುದು. ಕಾಲುವೆಯ ದಂಡೆಯಲ್ಲಿ ಕುಳಿತು ಕಾದವರಿಗೆ ಆ ಕಾಯುವಿಕೆ ಗೊತ್ತು. ನೀರು ಬರುತ್ತದೋ ಇಲ್ಲವೋ, ನೋಡಿದಷ್ಟೂ ದೂರ ಹೋಗುತ್ತದೆ. ಮುಕ್ಕಾಲು ತಾಸು ಕಳೆಯಿತು. ಮೊದಲು ಕೊಳವೆ ಬೆಚ್ಚಗಾಯಿತು. ಆಮೇಲೆ ಹಲಗೆಯ ಮೇಲ್ತುದಿ. ಹದಿನಾಲ್ಕು. ಹದಿನೈದು. ಸಂಜೆಯ ಹೊತ್ತಿಗೆ ಹದಿನೆಂಟು.

ಇಯನ್ ಏನೋ ಅಂದ. "ಏನಂದ್ರು?" ಎಂದೆ.

"ನಲವತ್ತು ವರ್ಷದಿಂದ ತನ್ನ ಮನ್ಯಾಗೂ ಮ್ಯಾಲಿನ ಖೋಲಿ ಥಂಡಿನಂತ," ಎಂದಳು ರೇಣುಕಾ. ಎರಡು ದಿನದಲ್ಲಿ ಮೊದಲ ಸಲ ಅವಳ ತುಟಿಯ ಮೇಲೆ ನಗು ಸುಳಿಯಿತು.

ಶುಕ್ರವಾರ

ಕೆಳಗಿನ ಕೋಣೆ ಆರಿತು. ಮಾತು ಸುಳ್ಳಾಗಬಾರದು, ತೀರ ಥಂಡಿಯೇನಲ್ಲ. ಆದರೆ ಮೂರು ದಿನ ಬಿಸಿ ಕುಡಿದ ನನ್ನ ಮೊಣಕಾಲಿಗೆ ಅದು ಸಾಲಲಿಲ್ಲ. ಬೆಳಿಗ್ಗೆ ಎದ್ದಾಗ ಕಾಲು ಮಡಿಸಲು ಬರಲಿಲ್ಲ. ಚಹಾ ಇಡಬೇಕು, ಗಂಜಿ ಮಾಡಬೇಕು. ಪಾನಾ ಕಿಟಕಿಯ ಕಟ್ಟೆಯ ಮೇಲೆಯೇ ಇತ್ತು.

ಬರೀ ಅರ್ಧ ಸುತ್ತು. ಚಹಾ ಆಗುವ ತನಕ. ಹೀಗೆ ನನಗೆ ನಾನೇ ಹೇಳಿಕೊಂಡು ತಿರುವಿದೆ. ಹಲಗೆ ಬೆಚ್ಚಗಾಯಿತು. ಮೊಣಕಾಲು ಒತ್ತಿಕೊಂಡು ಕುಳಿತೆ. ಆ ಸುಖ ಏನು ಹೇಳಲಿ. ಚಹಾ ಆಯಿತು, ಗಂಜಿಯೂ ಆಯಿತು. ತಿರುಗಿ ಮುಚ್ಚುವುದನ್ನು ಮರೆತೆ ಎಂದು ಬರೆದರೆ ಯಾರೂ ಪರೀಕ್ಷೆ ಮಾಡುವುದಿಲ್ಲ. ಮರೆತಿರಲಿಲ್ಲ. ಇನ್ನೊಂದು ಗಳಿಗೆ, ಇನ್ನೊಂದು ಗಳಿಗೆ ಅನ್ನುತ್ತ ಕುಳಿತಿದ್ದೆ.

ಒಂಬತ್ತೂವರೆಗೆ ಮೇಲಿನಿಂದ ರೇಣುಕಾ ಕರೆದಳು. "ಯವ್ವಾ, ಹದಿನಾರಕ್ಕ ಇಳಿದೈತಿ. ಆರು ಗಂಟೇಕ ಹದಿನೆಂಟಿತ್ತು."

ಓಡಿ ಮುಚ್ಚಿದೆ. ಪಾನಾ ಎರಡು ಸಲ ಜಾರಿತು. ನೀರು ಮೇಲೆ ಮುಟ್ಟಲು ಮುಕ್ಕಾಲು ತಾಸು ಬೇಕು. ಹತ್ತು ನಿಮಿಷಕ್ಕೆ ಬಾಗಿಲು ಬಡಿದ ಸದ್ದಾಯಿತು. ನರ್ಸಮ್ಮ ಮೊದಲೇ ಬಂದಿದ್ದಳು.

ಗಟ್ಟಿ ಹೆಣ್ಣುಮಗಳು, ನನ್ನಷ್ಟೇ ವಯಸ್ಸು. ನೇರ ಮೇಲೆ ಹೋಗಿ ಕಡ್ಡಿ ನೋಡಿದಳು. ಹದಿನಾರು. ಕೂಸನ್ನು ಬಿಚ್ಚಿ ತೂಗಿದಳು, ಕಂಕುಳಲ್ಲಿ ಅಳತೆ ಇಟ್ಟಳು. ತೂಕ ಒಂದಿಷ್ಟು ಏರಿತ್ತು. ಆದರೂ ಅವಳ ಕಣ್ಣು ಆ ಗೋಡೆಯ ಕಡ್ಡಿಗೇ ಹೋಗುತ್ತಿತ್ತು. ಚೀಲದಿಂದ ಫೋನು ತೆಗೆದಳು.

ನಾನು ಹೊಸ್ತಿಲು ದಾಟಿದೆ. ಬುಧವಾರದ ನಂತರ ಮೊದಲ ಸಲ.

"ರೇಣುಕಾ, ಆಕಿಗೆ ಹೇಳು. ನಿನ್ನಿ ಸಂಜೀಕ ಖೋಲಿ ಬರೋಬರ್ ಇತ್ತು. ಬೆಳಿಗ್ಗೆ ಕೆಳಗಿಂದು ನಾ ಬಿಚ್ಚೀನಿ. ನನ್ನ ಮೊಣಕಾಲಿನ ಸಲುವಾಗಿ ಬಿಚ್ಚೀನಿ. ಈಗ ಮುಚ್ಚೀನಿ. ಅರ್ಧ ತಾಸು ನಿಂದ್ರು ಅನ್ನು."

ರೇಣುಕಾ ನನ್ನನ್ನು ನೋಡಿದಳು. ಕೆಂಡ ಕಂಡಾಗ ನೋಡಿದ್ದಳಲ್ಲ, ಹಾಗೆಯೇ. ಆಮೇಲೆ ಒಂದೂ ಮಾತು ಬಿಡದೆ ತಿರುಗಿಸಿ ಹೇಳಿದಳು.

ನರ್ಸಮ್ಮ ಬಗ್ಗಿ ಹಲಗೆಗೆ ಕೈ ಇಟ್ಟಳು. ನನ್ನ ಮೊಣಕಾಲು ನೋಡಿದಳು. ಫೋನು ಚೀಲಕ್ಕೆ ಹಾಕಿ, ಕೋಟು ಬಿಚ್ಚದೆ ಮಂಚದ ತುದಿಗೆ ಕುಳಿತು, ಚಹಾ ಕೇಳಿದಳು. ಆ ದೇಶದಲ್ಲಿ ಕೆಲಸಕ್ಕೆ ಬಂದವರು ಚಹಾ ಕೇಳುವುದಿಲ್ಲವಂತೆ. ಅಳಿಯ ಚಹಾ ತಂದರು. ನಾಲ್ವರೂ ಆ ಕಡ್ಡಿ ನೋಡುತ್ತ ಕುಳಿತೆವು. ನನ್ನ ಚಹಾ ಕೈಯಲ್ಲೇ ಆರಿತು. ಹದಿನಾರೂವರೆ. ಬಹಳ ಹೊತ್ತು ಹದಿನಾರೂವರೆ. ಹದಿನೇಳು. ಅವಳು ಎರಡನೆಯ ಚಹಾ ಮುಗಿಸುವಾಗ ಹದಿನೆಂಟಕ್ಕೆ ಒಂದು ಕೂದಲೆಳೆ ಕಡಿಮೆ.

ಅವಳು ಎದ್ದು ಕಾಗದದಲ್ಲಿ ಏನೋ ಬರೆದಳು. ರೇಣುಕಾ ಓದಿ, ಕೂಸನ್ನು ಎತ್ತಿಕೊಂಡು, ಗೋಡೆಯ ಕಡೆ ತಿರುಗಿ ನಿಂತಳು. ಹೆಗಲು ಅಲುಗುತ್ತಿತ್ತು. ಕೂಸನ್ನು ಒಯ್ಯುವುದಿಲ್ಲ ಎಂದು ಹಾಗೇ ನನಗೆ ತಿಳಿಯಿತು.

ನರ್ಸಮ್ಮ ಹೋದ ಮೇಲೆ ಮಗಳು ಕೇಳಿದಳು: "ಮೊಣಕಾಲು ಅಷ್ಟು ನೋವಾಗಿತ್ತೇನು?"

"ಹೂಂ."

"ಹೇಳಬೇಕಿಲ್ಲೇನು?"

"ಮೂವತ್ತು ವರ್ಷ ಕಾಲುವಿ ಮೊದಲಿನವರನ್ನ ಬೈಕೋಂತ ಬಂದಾಕಿ ನಾನು," ಎಂದೆ. "ನೀರು ಅವರ ಗದ್ದಿ ದಾಟಿ ಬರಲಿಲ್ಲಂದ್ರ ಅವರ ಮನಿ ಮುಂದ ಮಣ್ಣು ತೂರೀನಿ. ನನ್ನ ಕೈಗೆ ಮೊದಲಿನ ತೂಬು ಸಿಕ್ಕು ಒಂದು ದಿನ ಆಗಿಲ್ಲ. ಯಾವ ಬಾಯಿಲೆ ಹೇಳ್ಲಿ?"

ಅವಳು ಬೈಯುತ್ತಾಳೆಂದು ಕಾದೆ. ಅವಳು ಅಳಿಯನನ್ನು ಕರೆದು, "ಯವ್ವನ ಹಾಸಿಗಿ ಮ್ಯಾಲೆ ತರ್ರಿ," ಎಂದಳು.

"ಮೆಟ್ಟಲ ಹತ್ತಾಕ ಆಗಂಗಿಲ್ಲ ನನಗ," ಎಂದೆ.

"ಒಮ್ಮೆ ಹತ್ತು. ಆಮ್ಯಾಲೆ ಇಳೀಬ್ಯಾಡ. ಊಟ ನಾ ತಂದು ಕೊಡ್ತೀನಿ."

ಬಾಣಂತಿ ಮಗಳು ಬಾಣಂತನಕ್ಕೆ ಬಂದ ತಾಯಿಗೆ ಊಟ ಹೊತ್ತು ತರುವ ಮಾತು. ನಮ್ಮೂರಿನಲ್ಲಿ ಕೇಳಿದರೆ ನಗುತ್ತಾರೆ. ಹದಿನೈದು ಮೆಟ್ಟಿಲು, ನಾಲ್ಕು ಕಡೆ ಕುಳಿತು ಹತ್ತಿದೆ. ಅಳಿಯ ತೊಟ್ಟಿಲಿಗೂ ಹಲಗೆಗೂ ನಡುವೆ ಹಾಸಿಗೆ ಹಾಸಿ, ತಾವು ಕೆಳಗೆ ಆರಿದ ಕೋಣೆಗೆ ಮಲಗಲು ಹೋದರು. ರೇಣುಕಾ ಕೂಸನ್ನು ತಂದು ನನ್ನ ಮಗ್ಗಲಿಗೆ ಹಾಕಿದಳು. ಕೇಳದೆಯೇ ಹಾಕಿದಳು.

ಪಾದ ಹಿಡಿದು ನೋಡಿದೆ. ಬೆಚ್ಚಗಿತ್ತು. ಉಸಿರು ನೋಡಿದೆ. ಬರುತ್ತಿತ್ತು. ಆದರೂ ಆ ಪಾದದಿಂದ ಕೈ ತೆಗೆಯುವ ಧೈರ್ಯ ನನಗೆ ಬರಲಿಲ್ಲ.